ಮಾಳ ಕಾಯ್ದವನಿಗೆ ಕೂಲಿ ಯಾರು ಕೊಡಬೇಕು?

ಹೋಟಗಿ ಜಂಕ್ಷನ್ನಿನಲ್ಲಿ ರೈಲು ಹಾದಿ ಒಡೆದು ಎರಡಾಗುವದು ನಮ್ಮ ಓದುಗರಿಗೆಲ್ಲ ಗೊತ್ತು. ಒಂದು ಅಕ್ಕಲಕೋಟೆ ರೋಡಿನ ಮೇಲೆ ವಾಡಿಯ ಕಡೆಗೆ ಹೋಗುತ್ತದೆ; ಇನ್ನೊಂದು ಭೀಮಾ ಹೊಳೆ ದಾಟಿ ಲಚ್ಯಾಣ, ಇಂಡಿ ರೋಡಿನ ಮೇಲಿಂದ ವಿಜಯಪುರಕ್ಕೆ ಮುಟ್ಟುತ್ತದೆ. ಹೊಳೆಯ ಆಚೆಗೂ ಈಚೆಗೂ ಮಣ್ಣು ಒಂದೇ, ಮಾತು ಒಂದೇ, ಬೀಗತನವೂ ಒಂದೇ. ಆದರೆ ತನ್ನ ಸ್ವಂತ ಭೂಮಿಯಲ್ಲಿ ಗಿಡ ಉಳಿಸಿದ ಒಕ್ಕಲಿಗನಿಗೆ ಸರಕಾರ ಏನು ಕೊಡುತ್ತದೆ ಎಂದು ಕೇಳಿದರೆ ಮಾತ್ರ ಈ ದಂಡೆಯ ಉತ್ತರ ಬೇರೆ, ಆ ದಂಡೆಯ ಉತ್ತರ ಬೇರೆ. ಈ ವಾರ ಆ ಸಂಗತಿಯನ್ನೇ ಬಿಡಿಸಿ ನೋಡೋಣ.

ಮಾತು ಹುಟ್ಟಿದ್ದು ಹೀಗೆ. ಹೋಟಗಿ ಶಿವಾರದ ಹಿರಿಯ ಒಕ್ಕಲಿಗರೊಬ್ಬರು ಹೋದ ಬೇಸಿಗೆಯಲ್ಲಿ ನಮ್ಮನ್ನು ತಮ್ಮ ಹೊಲಕ್ಕೆ ಕರೆದೊಯ್ದರು. ಒಟ್ಟು ಏಳು ಎಕರೆ. ಐದು ಎಕರೆ ಎರೆ. ಅದರಲ್ಲಿ ಹಿಂಗಾರಿ ಜೋಳ, ಕಡಲೆ. ಉಳಿದ ಎರಡು ಎಕರೆ ಮುರುಮಿನ ದಿಬ್ಬ, ಸಾತಬಾರಾ ಉತಾರದಲ್ಲಿ ಪೋಟಖರಾಬೆಂದು ಬರೆದದ್ದು. ಅವರ ತಂದೆಯ ಕಾಲದಿಂದಲೂ ಅಲ್ಲಿ ರೆಂಟೆ ಹೊಡೆದಿಲ್ಲ. ಯಾರೂ ಹಚ್ಚದೆ, ಹಕ್ಕಿ ಉದುರಿಸಿದ ಬೀಜದಿಂದಲೇ ಬೇವು, ಕರಿಜಾಲಿ, ಬಾರಿ, ಬನ್ನಿ ಎದ್ದು ನಿಂತಿವೆ. ನಾಲ್ಕು ಹಳೆಯ ಹುಣಸೆ ಗಿಡಗಳಿವೆ. ನಡುವೆ ಮೊಣಕಾಲು ಮಟ್ಟ ಹುಲ್ಲು. ಮೊಲ, ಕೌಜುಗ ದಿನಾಲು ಕಾಣುತ್ತವೆ. ಒಮ್ಮೊಮ್ಮೆ ಚಿಗರಿಯೂ ಬಂದು ಹೋಗುತ್ತದೆ.

ಈ ಎರಡು ಎಕರೆಗೆ ಮೂರು ಮಂದಿ ಕಣ್ಣು ಹಾಕಿದ್ದರು. ಕಟ್ಟಿಗೆ ವ್ಯಾಪಾರಿಯೊಬ್ಬ ನಿಂತ ಗಿಡಗಳಿಗೆಲ್ಲ ಒಟ್ಟು ಬೆಲೆ ಕಟ್ಟಿದ್ದ. ಮುರುಮಿನ ಗುತ್ತೇದಾರ ಟಿಪ್ಪರ ಲೆಕ್ಕದಲ್ಲಿ ರೊಕ್ಕ ಎಣಿಸುವ ಮಾತಾಡಿದ್ದ. ಮನೆಯ ಮಗನದು ಮೂರನೆಯ ವಿಚಾರ: ಜೆಸಿಬಿ ಹಚ್ಚಿ ಸಪಾಟು ಮಾಡೋಣ, ಎರೆ ತಂದು ಸುರಿಯೋಣ, ಕಬ್ಬು ಹಚ್ಚೋಣ. ಈ ನಡುವೆ ಇಂಡಿ ಕಡೆಯ ಅಳಿಯ ಬಂದವನು, "ಮಾವಾರ, ನಮ್ಮ ಕಡೆ ಗಿಡಾ ಹಚ್ಚಿ ಬದುಕಿಸಿದ್ರ ಫಾರೆಸ್ಟಿನವ್ರು ರೊಕ್ಕಾ ಕೊಡ್ತಾರ, ನೀವೂ ಒಮ್ಮೆ ಕೇಳಿ ನೋಡ್ರಿ" ಎಂದು ಹೇಳಿಹೋಗಿದ್ದ. ಹಿರಿಯರು ನಮಗೆ ಕೇಳಿದ್ದು ಇಷ್ಟೇ: "ಕಡಿಯಾಕ ರೊಕ್ಕಾ ಕೊಡವ್ರು ಮೂರು ಮಂದಿ ಅದಾರ. ಕಡೀಬ್ಯಾಡ ಅಂತ ಕೊಡವ್ರು ಯಾರರ ಅದಾರೇನ್ರಿ?"

ಈ ಪ್ರಶ್ನೆಗೆ ಸರಳವಾದ ಉತ್ತರವಿಲ್ಲ. ಆದರೆ ಕೇಳಿದ್ದು ಮಾತ್ರ ನೂರಕ್ಕೆ ನೂರು ನ್ಯಾಯದ ಪ್ರಶ್ನೆ.

ಅದೇಕೆ ನ್ಯಾಯವೆಂದರೆ, ಆ ದಿಬ್ಬದ ಲಾಭದ ಲೆಕ್ಕ ಹಾಕಿ ನೋಡಿರಿ. ಮಳೆ ಬಿದ್ದಾಗ ಬೋಳು ಮುರುಮಿನ ಮೇಲೆ ನೀರು ನಿಲ್ಲುವದಿಲ್ಲ. ಮಣ್ಣು ಕಿತ್ತುಕೊಂಡು ಹಳ್ಳಕ್ಕೆ ಓಡುತ್ತದೆ. ಹುಲ್ಲು, ಬೇರು ಇದ್ದಲ್ಲಿ ಅದೇ ನೀರು ಹೆಜ್ಜೆ ಸಣ್ಣದು ಮಾಡಿ ಕೆಳಗೆ ಇಳಿಯುತ್ತದೆ. ಇಳಿದ ನೀರು ಬರುವದು ಎಲ್ಲಿಗೆ? ಕೆಳಗಿನ ಹೊಲದವರ ಬಾವಿಗೆ. ಕೊಚ್ಚಿ ಹೋಗದೆ ಉಳಿದ ಮಣ್ಣು ಯಾರ ಕೆರೆಯಲ್ಲಿ ಹೂಳಾಗುವದು ತಪ್ಪಿತು? ಊರ ಕೆರೆಯಲ್ಲಿ. ಬೇವಿನ ಹೂವಿಗೆ ಬಂದ ಜೇನು ಸುತ್ತಲಿನವರ ಸೂರ್ಯಕಾಂತಿಗೂ ಹೋಗುತ್ತದೆ. ದಿಬ್ಬದ ಧನಿಗೆ ಸಿಗುವದೆಂದರೆ ಎರಡು ಎತ್ತಿಗೆ ಹುಲ್ಲು, ಒಲೆಗೆ ಒಣಗಿದ ಕಟ್ಟಿಗೆ, ನಾಲ್ಕು ಚೀಲ ಹುಣಸೆಹಣ್ಣು. ಲಾಭ ಊರಿಗೆ, ಲುಕ್ಸಾನು ಒಬ್ಬನಿಗೆ. ಊರು ಆ ಒಬ್ಬನಿಗೆ "ಕಡಿಯಬೇಡಪ್ಪಾ" ಎಂದು ಹೇಳುವದಾದರೆ ಊರಿನ ಕೈಯೂ ತನ್ನ ಕಿಸೆಗೆ ಹೋಗಬೇಕಲ್ಲವೆ? ಹೊಲದಲ್ಲಿ ವಿದ್ಯುತ್ತಿನ ದೊಡ್ಡ ಕಂಬ ನಿಂತರೆ ಪರಿಹಾರಕ್ಕೆ ನಿಯಮವಿದೆ. ಹೋಟಗಿಯ ಮಗ್ಗುಲಲ್ಲೇ 1,320 ಮೆಗಾವಾಟಿನ ಎನ್‌ಟಿಪಿಸಿ ಕೇಂದ್ರವಿದ್ದು ಸುತ್ತೆಲ್ಲ ತಂತಿ ಎಳೆದ ನಮ್ಮ ಭಾಗದಲ್ಲಿ ಇದನ್ನು ಯಾರೂ ಹೊಸದಾಗಿ ಕಲಿಯಬೇಕಾಗಿಲ್ಲ. ಕಬ್ಬಿಣದ ಕಂಬಕ್ಕೆ ಉಂಟು, ಬೇವಿನ ಗಿಡಕ್ಕೆ ಇಲ್ಲ.

ಇನ್ನು, ಗಿಡ ಬೆಳೆದಷ್ಟೂ ಭಯ ಬೆಳೆಯುವದು ಬೇರೆ. "ಗಿಡ ದಟ್ಟಾದರೆ ಭೂಮಿ ಸರಕಾರದ್ದಾಗುತ್ತದೆ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಇದು ಬರೀ ಗಾಳಿಮಾತಲ್ಲ. ಮಹಾರಾಷ್ಟ್ರ ಸರಕಾರವು ಖಾಸಗೀ ಅರಣ್ಯಗಳನ್ನು ವಶಪಡಿಸಿಕೊಳ್ಳುವ ಕಾಯದೆಯನ್ನು 1975ರಲ್ಲಿ ಮಾಡಿತು. ಆ ವರ್ಷದ ಆಗಸ್ಟ್ 30ಕ್ಕೆ ಖಾಸಗೀ ಅರಣ್ಯವೆನಿಸಿಕೊಂಡ ಭೂಮಿಗಳು ಒಂದೇ ಏಟಿಗೆ ಸರಕಾರದ ಪಾಲಾದವು. ಮುಂದೆ 12 ಹೆಕ್ಟೇರಿನ ಒಳಗಿನ ಸಣ್ಣ ಹಿಡುವಳಿದಾರರಿಗೆ ಭೂಮಿ ಮರಳಿ ಕೊಡುವ ಕಲಮು ಸೇರಿತು. ಹಳೆಯ ಕಾಲದ ಒಂದು ನೋಟೀಸು ಕಡತದಲ್ಲಿ ಇದೆಯೆಂಬ ಮಾತ್ರಕ್ಕೆ ಭೂಮಿ ಖಾಸಗೀ ಅರಣ್ಯವಾಗದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಗೋದ್ರೇಜ ಪ್ರಕರಣದಲ್ಲಿ ಹೇಳಿತು. ಅಲ್ಲಿಯವರೆಗೆ ಎಷ್ಟೋ ಮಂದಿ ಕೋರ್ಟು ಕಚೇರಿ ತಿರುಗಿ ಸವೆದರು. ಕೊಂಕಣದ ದಟ್ಟ ಕಾಡಿನ ಆ ತಂಟೆಗೂ ನಮ್ಮ ಬಯಲುಸೀಮೆಯ ಬದುವಿಗೂ ದೂರದ ನಂಟು. ಬದುವಿನ ಮೇಲೆ ಹತ್ತು ಬೇವು ಬೆಳೆಸಿದವನ ಹೊಲ ಆ ಕಾಯದೆಯಿಂದ ಹೋಗುವದಿಲ್ಲ. ಆದರೂ ಒಮ್ಮೆ ಮೂಡಿದ ಅಂಜಿಕೆ ಸಹಜ ಹೋಗುವಂಥದಲ್ಲ. ಸಸಿ ಇದ್ದಾಗಲೇ ಕಿತ್ತು ಎಸೆದುಬಿಟ್ಟರೆ ಚಿಂತೆಯೇ ಇಲ್ಲ ಎಂದುಕೊಂಡವರನ್ನು ನಾವು ಬಲ್ಲೆವು.

ನಾನ್ನಜದ ಪಾಠ

ಹಣ ಕೊಡದೆ ಬರೀ ಗೆರೆ ಎಳೆದರೆ ಏನಾಗುವದೆಂಬದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರದಿಂದ ಬಾರ್ಶಿ ಹಾದಿಯಲ್ಲಿ ನಾನ್ನಜ ಇದೆ. ಅಲ್ಲಿನ ಮಾಳದಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿ ಇತ್ತು, ಮರಾಠಿಯಲ್ಲಿ ಮಾಳಢೋಕ. ಗಂಡು ಹಕ್ಕಿ 15 ಕಿಲೋದವರೆಗೆ ತೂಗುತ್ತದೆ, ಹಾರುವ ಹಕ್ಕಿಗಳಲ್ಲೆಲ್ಲ ಭಾರವಾದವುಗಳಲ್ಲಿ ಒಂದು. ಗೂಡು ಕಟ್ಟುವ ರೂಢಿ ಅದಕ್ಕಿಲ್ಲ. ಬರಿ ನೆಲದ ಮೇಲೆ ವರ್ಷಕ್ಕೆ ಬಹುಮಟ್ಟಿಗೆ ಒಂದೇ ತತ್ತಿ ಇಡುತ್ತದೆ. ಮಿಡತೆ, ಹುಳ ಹುಪ್ಪಡಿ, ಬಾರಿಹಣ್ಣು, ಹೊಲದ ಕಾಳು ಅದರ ಆಹಾರ. ಮಿಡತೆ ತಿನ್ನುವ ಹಕ್ಕಿ ಒಕ್ಕಲಿಗನಿಗೆ ಗೆಳೆಯನೇ ಸರಿ. ಸೊಲ್ಲಾಪುರದ ಪಕ್ಷಿಪ್ರೇಮಿ ಬಿ. ಎಸ್. ಕುಲಕರ್ಣಿಯವರು 1970ರ ಸುಮಾರಿಗೆ ಈ ಹಕ್ಕಿ ಇಲ್ಲಿರುವದನ್ನು ಎತ್ತಿ ತೋರಿಸಿದರು. 1979ರಲ್ಲಿ ಸರಕಾರ ಅಭಯಾರಣ್ಯ ಘೋಷಿಸಿತು.

ಎಷ್ಟು ದೊಡ್ಡದು ಗೊತ್ತೆ? ಸುಮಾರು 8,496 ಚದರ ಕಿಲೋಮೀಟರು! ಉತ್ತರ ಸೊಲ್ಲಾಪುರ, ಮೋಹೋಳ, ಮಾಢಾ, ಕರಮಾಳಾ, ಮತ್ತೆ ಆಗಿನ ಅಹಮದನಗರ ಜಿಲ್ಲೆಯ ತಾಲೂಕುಗಳು. ಇದರಲ್ಲಿ ಸರಕಾರದ ಅರಣ್ಯಭೂಮಿ ಚೂರುಪಾರು. ಉಳಿದದ್ದೆಲ್ಲ ಒಕ್ಕಲಿಗರ ಹೊಲ, ಊರು, ಪೇಟೆ, ರಸ್ತೆ. ನಕಾಶೆಯ ಮೇಲೆ ಗೆರೆ ಎಳೆದವರು ಗೆರೆಯ ಒಳಗಿನವರನ್ನು ಕೇಳಲಿಲ್ಲ. ಹುಲ್ಲು ಬಿಟ್ಟವನಿಗೆ ಕೊಡಲು ರೊಕ್ಕವನ್ನೂ ಇಡಲಿಲ್ಲ. ಬಂದದ್ದು ಬರೀ ನಿರ್ಬಂಧ: ಭೂಮಿಯ ಕೊಡುಕೊಳ್ಳುವಿಕೆಗೆ ತೊಡಕು, ಕಟ್ಟಡಕ್ಕೆ, ಕಾರಖಾನೆಗೆ ಪರವಾನಿಗೆಯ ತೊಡಕು. ಹೀಗಾಗಿ ಏನೂ ಅರಿಯದ ಹಕ್ಕಿ ಜನರ ಕಣ್ಣಿಗೆ ವೈರಿಯಾಯಿತು. ತನ್ನ ಹೊಲದಲ್ಲಿ ಎರೆಭೂತ ಕಂಡವನು ಕಂಡೆನೆಂದು ಬಾಯಿ ಬಿಡಲು ಅಂಜುವ ಕಾಲ ಬಂತು. ಕೊನೆಗೆ, ಸುಪ್ರೀಂ ಕೋರ್ಟಿನ ಒಪ್ಪಿಗೆಯ ಮೇಲೆ, ಅಭಯಾರಣ್ಯವನ್ನು ಸುಮಾರು 1,222 ಚದರ ಕಿ.ಮೀ.ಗೆ ಇಳಿಸಲಾಯಿತು. ಅಷ್ಟರಲ್ಲಿ ಹಕ್ಕಿ ಬಹುಶಃ ತೀರಿಯೇಹೋಗಿತ್ತು. ಈಚಿನ ವರ್ಷಗಳಲ್ಲಿ ನಾನ್ನಜದಲ್ಲಿ ಒಂದು ಹಕ್ಕಿ ಕಂಡರೆ ಅದು ಪತ್ರಿಕೆಯ ಸುದ್ದಿ. ಇಡಿಯ ಲೋಕದಲ್ಲಿ 150ಕ್ಕಿಂತ ಕಡಿಮೆ ಉಳಿದಿವೆ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ.

ಹಕ್ಕಿ ಹೋದದ್ದು ಹಣ ಕೊಡದ್ದರಿಂದಲೇ ಎಂದು ನಾವು ಹೇಳುವದಿಲ್ಲ. ಕಾಲುವೆ ನೀರು ಬಂತು, ಕಬ್ಬು ಬಂತು, ತಂತಿ ಬಂತು, ಊರನಾಯಿ ಹೆಚ್ಚಿದವು. ಆದರೆ ಮಾಳದ ಧನಿಯನ್ನು ಸಂಗಡ ಕರೆದುಕೊಳ್ಳದೆ ಮಾಳ ಉಳಿಸಲು ಹೊರಟದ್ದು ಮೂಲದ ತಪ್ಪು. 8,496 ಚದರ ಕಿಲೋಮೀಟರಿನ ಬದಲು ಒಪ್ಪಿದ ಕೆಲವೇ ನೂರು ಮಂದಿಯ ಖರಾಬು ತುಂಡುಗಳಿಗೆ ವರ್ಷಕ್ಕಿಷ್ಟೆಂದು ಬಾಡಿಗೆ ಕೊಟ್ಟು ಹುಲ್ಲು ಬಿಡಿಸಿದ್ದರೆ ಕಥೆ ಬೇರೆಯಾಗಬಹುದಿತ್ತೆಂದು ನಮ್ಮ ತಿಳುವಳಿಕೆ. ಹುಲ್ಲುಗಾವಲು ಕಾಯ್ದಿಡುವದು ನಮ್ಮ ಹಿರಿಯರಿಗೆ ಹೊಸದೇನಲ್ಲ. ಕುರಣವೆಂಬ ಪದ ಇನ್ನೂ ನಮ್ಮ ಬಾಯಲ್ಲಿ ಬದುಕಿದೆ.

ಇಲ್ಲೊಂದು ಉಪಕಥೆ ಹೇಳಿ ಮುಂದೆ ಹೋಗುವೆವು. ಅರಣ್ಯವೆಂದರೆ ಗಿಡವೇ ಎಂದು ತಿಳಿಯುವದೂ ತಪ್ಪು. ಮಳೆ ಕಡಿಮೆಯ ನಮ್ಮ ಸೀಮೆಯಲ್ಲಿ ಬಯಲ ಹುಲ್ಲೇ ನಿಜವಾದ ಅಡವಿ; ನಡುನಡುವೆ ಒಂದೊಂದು ಜಾಲಿ, ಬನ್ನಿ. ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನ ಮಾಳದಲ್ಲಿಯೂ ಎರೆಭೂತ ಇತ್ತು. ಅಲ್ಲಿ ಸಾಲು ಸಾಲಾಗಿ ನೀಲಗಿರಿ ಹಚ್ಚಿದರು. ದೂರದಿಂದ ನೋಡಿದವರಿಗೆ ಹಸುರು. ಬಯಲು ಬೇಕಾದ ಹಕ್ಕಿಗೆ ಮಾತ್ರ ಜಾಗವಿಲ್ಲ. ಯಾವ ಯೋಜನೆಯ ಹಣವೇ ಬರಲಿ, ಹುಲ್ಲಿನ ಮಾಳ ಅಗೆದು ಗಿಡ ಹಚ್ಚುವದಕ್ಕೆ ಬಂದರೆ ಒಕ್ಕಲಿಗನು ಒಂದು ಸಲ ನಿಂತು ವಿಚಾರ ಮಾಡಬೇಕು.

ಕೊಕ್ಕರೆಬೆಳ್ಳೂರಿನ ಲೆಕ್ಕ

ಈಗ ಇನ್ನೊಂದು ಊರಿನ ಮಾತು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ, ಶಿಂಷಾ ಹೊಳೆಯ ಹತ್ತಿರ, ಕೊಕ್ಕರೆಬೆಳ್ಳೂರು ಎಂಬ ಹಳ್ಳಿ. ಅಲ್ಲಿ ಅಡವಿ ಇಲ್ಲ. ಮನೆಗಳ ಹಿತ್ತಲಿನಲ್ಲಿ, ಬೀದಿಯ ಬದಿಗೆ ಹುಣಸೆ, ಅತ್ತಿ, ಅರಳಿ ಗಿಡಗಳಿವೆ. ಚಳಿಗಾಲ ಬಂದಿತೆಂದರೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಆ ಗಿಡಗಳ ತಲೆಯ ಮೇಲೆ ಗೂಡು ಕಟ್ಟುತ್ತವೆ. ಮುಂಗಾರಿನ ಹೊತ್ತಿಗೆ ಮರಿಗಳನ್ನು ಹಾರಿಸಿಕೊಂಡು ಹೋಗುತ್ತವೆ. ಗಿಡ ಯಾರದು? ರೈತನದು. ಹುಣಸೆ ಫಸಲು ಬರುವದೂ ಅದೇ ಹೊತ್ತಿಗೆ. ಹಿಕ್ಕೆಯಿಂದ ಕಾಯಿ ಕೆಡುತ್ತದೆ, ರೆಂಬೆ ಹತ್ತಿ ಬಡಿಯಲು ಬರುವದಿಲ್ಲ, ಅಂಗಳದಲ್ಲಿ ಮೀನಿನ ನಾತ. ಆದರೂ ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ ಎಂಬ ನಂಬಿಗೆಯಿಂದ ಜನ ತಲೆಮಾರುಗಟ್ಟಲೆ ಸಹಿಸಿಕೊಂಡು ಬಂದರು. ಬರೀ ನಂಬಿಗೆಯೂ ಅಲ್ಲ. ಗಿಡದ ಕೆಳಗೆ ತಗ್ಗು ತೆಗೆದು ಕೆರೆಯ ಹೂಳು ತುಂಬಿ, ಮೇಲೆ ಬಿದ್ದ ಹಿಕ್ಕೆಯ ಸಂಗಡ ಕೊಳೆಸಿ ಹೊಲಕ್ಕೆ ಹಾಕುತ್ತಿದ್ದರು. ಅಂಥ ಗೊಬ್ಬರಕ್ಕೆ ಸಾರಜನಕ, ರಂಜಕ ಎರಡೂ ಇದ್ದ ಬಲ ಬೇರೆ.

1976ರಲ್ಲಿ ಅರಣ್ಯ ಇಲಾಖೆಯ ಅಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಹೊರಗಿನ ಲೋಕದ ಗಮನಕ್ಕೆ ತಂದರು. ಅನಂತರ ಕರ್ನಾಟಕ ಸರಕಾರ ಒಂದು ಪದ್ಧತಿ ಹಾಕಿತು: ಹಕ್ಕಿ ಗೂಡು ಕಟ್ಟಿದ ಗಿಡದ ಧನಿಗೆ ಗಿಡಕ್ಕಿಷ್ಟು ಎಂದು ಹಣ. ನೋಡಿರಿ, ಇದರಲ್ಲಿ ಎಷ್ಟು ಸರಳತೆ ಇದೆ! ಭೂಮಿ ಕಸಿಯಲಿಲ್ಲ. ಗಿಡ ರೈತನ ಹೆಸರಿನಲ್ಲೇ ಉಳಿಯಿತು. ಹಕ್ಕಿ ಕೂತಿತೋ ಇಲ್ಲವೋ ಎಂಬದನ್ನು ಯಾರು ಬೇಕಾದರೂ ತಲೆ ಎತ್ತಿ ನೋಡಬಹುದು. ಅಳತೆಗೆ ದೊಡ್ಡ ಸಾಹೇಬರು ಬೇಕಿಲ್ಲ. ಹಣ ಬರುವದು ಹಚ್ಚಿದ್ದಕ್ಕಲ್ಲ, ಉಳಿಸಿದ್ದಕ್ಕೆ. ಮುಂದೆ 1990ರ ದಶಕದಲ್ಲಿ ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸಕ್ಕೆ ನಿಂತರು. 2007ರಲ್ಲಿ ಆ ಸೀಮೆಯನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಅಲ್ಲಿ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆದಿದೆ ಎಂದೇನಲ್ಲ. ಕೊಡುವ ಹಣ ಹುಣಸೆಹಣ್ಣಿನ ಬೆಲೆಗೆ ಸರಿಬರುವದಿಲ್ಲ, ಹೊತ್ತಿಗೆ ಸರಿಯಾಗಿ ಕೈಸೇರುವದಿಲ್ಲ ಎಂಬ ಗೊಣಗಾಟ ಉಂಟು. ಗೊಣಗಾಟದಲ್ಲಿ ಹುರುಳೂ ಉಂಟು: ಹಣ್ಣಿನ ಬೆಲೆ ಏರಿದಂತೆ ಹಕ್ಕಿಯ ಬಾಡಿಗೆಯೂ ಏರಬೇಕು. ಆದರೂ ನಾನ್ನಜದಲ್ಲಿ ಹಕ್ಕಿ ಕಂಡವನು ಬಾಯಿ ಮುಚ್ಚಿಕೊಂಡರೆ, ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿ ಬಂದ ಗಿಡವನ್ನು ಧನಿಯೇ ಬೆರಳು ಮಾಡಿ ತೋರಿಸುತ್ತಾನೆ.

ಸಮುದಾಯ ಮೀಸಲು ಎಂದೆವಲ್ಲ, ಅದರ ಕಾಯದೆಯನ್ನು ತಿಳಿದುಕೊಳ್ಳುವದು ಒಳ್ಳೆಯದು. ಅದು ಇಡಿಯ ದೇಶಕ್ಕೆ ಸೇರಿದ್ದು, ಹೋಟಗಿಗೂ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಗೆ 2002ರ ತಿದ್ದುಪಡಿಯಲ್ಲಿ 36ಸಿ ಎಂಬ ಕಲಮು ಸೇರಿಸಲಾಗಿದೆ. ಊರಿನವರಾಗಲಿ ಒಬ್ಬ ವ್ಯಕ್ತಿಯಾಗಲಿ ತಾವಾಗಿ ಮುಂದೆ ಬಂದರೆ ಅವರ ಖಾಸಗೀ ಇಲ್ಲವೆ ಸಾಮುದಾಯಿಕ ಭೂಮಿಯನ್ನು ರಾಜ್ಯ ಸರಕಾರ ಸಮುದಾಯ ಮೀಸಲೆಂದು ಸಾರಬಹುದು. ತಾವಾಗಿ ಎಂಬ ಮಾತೇ ಇಲ್ಲಿ ಜೀವ. ಮಾಲಕಿ ಹಕ್ಕು ಬದಲಾಗುವದಿಲ್ಲ. 2022ರ ತಿದ್ದುಪಡಿಯ ಪ್ರಕಾರ ಖಾಸಗೀ ಭೂಮಿಯಾದರೆ ಆಡಳಿತ ಸಮಿತಿಯಲ್ಲಿ ಭೂಮಿಯ ಧನಿ, ಅರಣ್ಯ ಇಲಾಖೆಯ ಪ್ರತಿನಿಧಿ ಮತ್ತು ಪಂಚಾಯತಿಯ ಪ್ರತಿನಿಧಿ ಇರತಕ್ಕದ್ದು. ವನ್ಯಜೀವಿಗಳ ನೆಲೆಯನ್ನು ಸುಧಾರಿಸುವ ಕೇಂದ್ರ ಸರಕಾರದ ಯೋಜನೆಯಿಂದ ಇಂಥ ಮೀಸಲುಗಳಿಗೆ ನೆರವು ತರಲು ದಾರಿಯೂ ಇದೆ. ಆದರೆ ಎರಡು ಮಾತು ಗಟ್ಟಿಯಾಗಿ ಹೇಳಲೇಬೇಕು. ಧನಿಗೆ ವರ್ಷಕ್ಕಿಷ್ಟು ಕೊಡತಕ್ಕದ್ದೆಂದು ಈ ಕಲಮಿನಲ್ಲಿ ಎಲ್ಲಿಯೂ ಬರೆದಿಲ್ಲ. ಮತ್ತು ಒಮ್ಮೆ ಮೀಸಲು ಸಾರಿದ ಮೇಲೆ ಸಮಿತಿಯ ಠರಾವು, ಸರಕಾರದ ಒಪ್ಪಿಗೆ ಇಲ್ಲದೆ ಭೂಮಿಯ ಉಪಯೋಗ ಬದಲಿಸಲು ಬರುವದಿಲ್ಲ. ಬಾಗಿಲು ಒಳಗೆ ಹೋಗುವಾಗ ಅಗಲ, ಹೊರಗೆ ಬರುವಾಗ ಕಿರಿದು. ಮಗ, ಮೊಮ್ಮಗನನ್ನು ಕೂಡಿಸಿಕೊಂಡು ಮಾತಾಡದೆ ಇದಕ್ಕೆ ಸಹಿ ಮಾಡಬಾರದು.

ಹೊಳೆಯ ಆಚೆ, ಹೊಳೆಯ ಈಚೆ

ಅಳಿಯ ಹೇಳಿದ ರೊಕ್ಕದ ಮಾತಿಗೆ ಬರೋಣ. ಅದರ ಹೆಸರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಕರ್ನಾಟಕದ ಅರಣ್ಯ ಇಲಾಖೆ 2011-12ರಿಂದ ನಡೆಸಿಕೊಂಡು ಬಂದಿದೆ. ರೈತನು ಹೆಸರು ನೋಂದಿಸಿ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯತಿ ದರಕ್ಕೆ ಸಸಿ ಒಯ್ದು ತನ್ನ ಹೊಲದಲ್ಲಿ ಹಚ್ಚಬೇಕು. ವರ್ಷ ತುಂಬಿದ ಮೇಲೆ ಇಲಾಖೆಯವರು ಬಂದು ಬದುಕಿದ ಸಸಿ ಎಣಿಸುತ್ತಾರೆ. ಬದುಕಿದ್ದಕ್ಕೆ ಮಾತ್ರ ಹಣ. ಮೊದಲು ಮೂರು ವರ್ಷಕ್ಕೆ 10, 15, 20 ಎಂದು ಸಸಿಯೊಂದಕ್ಕೆ ಒಟ್ಟು 45 ರೂಪಾಯಿ ಇತ್ತು. ಅನಂತರ 30, 30, 40 ಸೇರಿ 100 ಆಯಿತು. ಮುಂದೆ 35, 40, 50 ಸೇರಿ 125ಕ್ಕೆ ಏರಿತು. ಹೆಕ್ಟೇರಿಗೆ 400 ಸಸಿಯ ಮಿತಿ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕದಂಥ ಬೇಗ ಬೆಳೆಯುವ ಜಾತಿಗಳಿಗೆ ಈ ಹಣವಿಲ್ಲ.

ಲೆಕ್ಕ ಹಾಕಿರಿ. ಎಕರೆಗೆ 160 ಸಸಿ. ಎಲ್ಲವೂ ಬದುಕಿದರೆ 125ರಂತೆ ಮೂರು ವರ್ಷಕ್ಕೆ 20,000 ರೂಪಾಯಿ. ನಮ್ಮ ಸೀಮೆಯ ಮಳೆಗೆ ಅರ್ಧ ಬದುಕಿದರೆ 10,000. ತಗ್ಗು ತೋಡಿದ ಕೂಲಿ, ಬೇಸಿಗೆಯಲ್ಲಿ ಕೊಡ ಹೊತ್ತು ನೀರುಣಿಸಿದ ಕೂಲಿ ಕಳೆದರೆ ಶ್ರೀಮಂತಿಕೆಯೇನೂ ಬರುವದಿಲ್ಲ. ಆದರೂ ಹಚ್ಚಿದ ಎಣಿಕೆಗಲ್ಲ, ಉಳಿದ ಎಣಿಕೆಗೆ ಹಣ ಎಂಬ ಸೂತ್ರ ಸರಿಯಾದದ್ದು. ವನಮಹೋತ್ಸವದ ಫೋಟೋ ತೆಗೆಸಿಕೊಂಡ ಸಸಿ ಯುಗಾದಿಗೆ ಒಣಗಿ ಕಡ್ಡಿಯಾಗಿರುವದನ್ನು ನಾವೆಲ್ಲ ನೋಡಿದವರೇ.

ಇಷ್ಟಾದರೂ ಹೋಟಗಿಯ ಹಿರಿಯರ ದಿಬ್ಬ ಹೊಳೆಯಾಚೆ ಇದ್ದಿದ್ದರೂ ಅದಕ್ಕೆ ಒಂದು ಕಾಸೂ ಬರುತ್ತಿರಲಿಲ್ಲ! ಏಕೆಂದರೆ ಅಲ್ಲಿನ ಗಿಡಗಳನ್ನು ಯಾರೂ ಹಚ್ಚಿಲ್ಲ, ಸಸ್ಯಕ್ಷೇತ್ರದ ರಸೀದಿ ಇಲ್ಲ. ಐವತ್ತು ವರ್ಷ ಕೊಡಲಿ ಮುಟ್ಟದೆ ಕಾಯ್ದವನಿಗೆ ಸೊನ್ನೆ. ಎಲ್ಲ ಕಡಿದು ಮಾರಿ, ಅದೇ ನೆಲದಲ್ಲಿ ಸಸಿ ಹಚ್ಚಿದವನಿಗೆ ಪ್ರೋತ್ಸಾಹಧನ. ಯೋಜನೆ ಮಾಡಿದವರ ಮನಸ್ಸಿನಲ್ಲಿ ಇದು ಇರಲಿಕ್ಕಿಲ್ಲ. ಆದರೆ ನೆಲದ ಮೇಲೆ ಲೆಕ್ಕ ಹಾಗೆಯೇ ಬರುತ್ತದೆ. ನಿಂತ ಗಿಡಕ್ಕೂ ಬಾಡಿಗೆ ಇರಬೇಕೆಂಬದು ನಮ್ಮ ಗಟ್ಟಿಯಾದ ಅಭಿಪ್ರಾಯ.

ಇದು ಆಗದ ಮಾತೇನೂ ಅಲ್ಲ. ಮಧ್ಯ ಅಮೇರಿಕೆಯಲ್ಲಿ ಕೋಸ್ಟಾರಿಕಾ ಎಂಬ ಪುಟ್ಟ ದೇಶವಿದೆ. ಮಹಾರಾಷ್ಟ್ರದ ಆರನೆಯ ಒಂದು ಪಾಲಿನಷ್ಟು. ದನ ಮೇಯಿಸಲಿಕ್ಕೆಂದು ಕಾಡು ಕಡಿದು ಕಡಿದು 1980ರ ದಶಕಕ್ಕೆ ಅದರ ನೆಲದ ಕಾಲು ಭಾಗದಷ್ಟೇ ಅರಣ್ಯ ಉಳಿದಿತ್ತು. 1996ರಲ್ಲಿ ಕಾಯದೆ ಮಾಡಿ, 1997ರಿಂದ, ಸ್ವಂತ ಭೂಮಿಯಲ್ಲಿ ಕಾಡು ಉಳಿಸಿಕೊಂಡ ರೈತನ ಸಂಗಡ ಕೆಲವು ವರ್ಷಗಳ ಕರಾರು ಬರೆದು ವರ್ಷವರ್ಷವೂ ಹಣ ಕೊಡತೊಡಗಿದರು. ಹಣ ಎಲ್ಲಿಯದು? ಮುಖ್ಯವಾಗಿ ಪೆಟ್ರೋಲು, ಡೀಸೆಲ್ಲಿನ ತೆರಿಗೆಯ ಒಂದು ಪಾಲು. ಹೊಗೆ ಬಿಡುವವರಿಂದ ತೆಗೆದು ಹೊಗೆ ಹೀರುವ ಗಿಡದವನಿಗೆ ಕೊಟ್ಟಂತೆ. ಇಂದು ಆ ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಅರಣ್ಯ. ಅದೇ ಕಾಯದೆ ಕಾಡು ಕಡಿದು ಹೊಲ ಮಾಡುವದನ್ನೂ ನಿಷೇಧಿಸಿದ್ದರಿಂದ ಎಷ್ಟು ಭಾಗ ಹಣದ ಫಲ, ಎಷ್ಟು ನಿಷೇಧದ ಫಲ ಎಂದು ಪಂಡಿತರು ಇನ್ನೂ ಚರ್ಚೆ ಮಾಡುತ್ತಾರೆ. ಮೊದಲ ವರ್ಷಗಳಲ್ಲಿ ದೊಡ್ಡ ಹಿಡುವಳಿದಾರರಿಗೇ ಹೆಚ್ಚು ಹೋಯಿತೆಂಬ ಟೀಕೆಯೂ ಬಂತು. ನಮ್ಮಲ್ಲಿ ಇಂಥ ಯೋಜನೆ ಬಂದರೆ ಗುಂಟೆಯ ಲೆಕ್ಕದವನಿಗೂ ಅರ್ಜಿ ಹಾಕಲು ಬರುವಂತಿರಬೇಕು.

ಮಹಾರಾಷ್ಟ್ರದ ಒಳಗೇ ರತ್ನಾಗಿರಿ ಜಿಲ್ಲೆಯ ಸಂಗಮೇಶ್ವರದಲ್ಲಿ ಪುಣೆಯ ಎ.ಇ.ಆರ್.ಎಫ್. ಎಂಬ ಸಂಸ್ಥೆ ಖಾಸಗೀ ಅರಣ್ಯದ ಧನಿಗಳ ಸಂಗಡ ಇಂಥ ಕರಾರುಗಳನ್ನು ಮಾಡಿಕೊಂಡಿದೆ. ಕಟ್ಟಿಗೆ ಗುತ್ತೇದಾರನಿಗೆ ಕೊಡಬೇಡಿ, ಇಷ್ಟು ವರ್ಷ ಉಳಿಸಿರಿ, ಅದಕ್ಕೆ ಪ್ರತಿಫಲ ಇಷ್ಟು ಎಂದು. ಅದು ಸಂಸ್ಥೆಯ ಪ್ರಯತ್ನ, ಸರಕಾರದ ಬೊಕ್ಕಸದ್ದಲ್ಲ.

ಸರಕಾರದ ಬೊಕ್ಕಸ ಖಾಸಗೀ ಹೊಲಕ್ಕೆ ಇಳಿಯುವದೇ ಇಲ್ಲವೆನ್ನುವಂತಿಲ್ಲ. ಅದಕ್ಕೆ ಸೊಲ್ಲಾಪುರ ಜಿಲ್ಲೆಯೇ ಸಾಕ್ಷಿ. 1972ರ ಬರದಲ್ಲಿ ಕಲ್ಲು ಒಡೆದ ಕೆಲಸ ನೆನಪಿದ್ದವರು ಇನ್ನೂ ಇದ್ದಾರೆ. ಆ ಬರದ ಬೆನ್ನಿಗೆ ಬೆಳೆದ ರೋಜಗಾರ ಹಮಿ ಯೋಜನೆಗೆ 1990ರಲ್ಲಿ ಹಣ್ಣಿನ ಗಿಡಗಳನ್ನು ಜೋಡಿಸಿದರು. ರೈತನ ಸ್ವಂತ ಹೊಲದಲ್ಲಿ ಬಾರಿ, ಸೀತಾಫಲ, ದಾಳಿಂಬೆ ಹಚ್ಚಲು ಸರಕಾರವೇ ಕೂಲಿ ಕೊಟ್ಟಿತು. ಸೊಲ್ಲಾಪುರದ ದಾಳಿಂಬೆ ಇಂದು ಹೆಸರಾಗಿದ್ದರೆ, 2005ರಲ್ಲಿ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವೇ ಇಲ್ಲಿಗೆ ಬಂದಿದ್ದರೆ, ಆ ಕೂಲಿಯ ಪಾಲೂ ಅದರಲ್ಲಿದೆ. ಮುಂದೆ 2005ರ ಕೇಂದ್ರ ಕಾಯದೆಯಡಿ ಸಣ್ಣ ಹಿಡುವಳಿದಾರರ ಬದುವಿನ ಮೇಲೆ, ಪಡ ಭೂಮಿಯಲ್ಲಿ ಗಿಡ ಹಚ್ಚುವದಕ್ಕೂ ಉದ್ಯೋಗ ಖಾತ್ರಿಯ ಕೂಲಿ ಸಿಕ್ಕಿತು. 2025ರ ಕೊನೆಗೆ ಆ ಕಾಯದೆಯ ಜಾಗಕ್ಕೆ ಹೊಸದೊಂದು ಬಂದಿದೆ. ಆದಕಾರಣ ಹಳೆಯ ಪಟ್ಟಿ ನಂಬದೆ, ಖಾಸಗೀ ಭೂಮಿಯ ಯಾವ ಕೆಲಸಗಳು ಈಗ ನಡೆಯುತ್ತವೆಂದು ಗ್ರಾಮಸೇವಕರನ್ನೂ ಸಾಮಾಜಿಕ ವನೀಕರಣದ ಕಚೇರಿಯನ್ನೂ ಕೇಳಿಯೇ ಮುಂದುವರಿಯಬೇಕು.

ಹಣ ಬರುವ ತನಕ ಕೈಕಟ್ಟಿ ಕೂಡಬೇಕೆಂದಿಲ್ಲ. ಮೊದಲು ದಾಖಲೆ ನೆಟ್ಟಗೆ ಮಾಡಿಕೊಳ್ಳಿರಿ. ಪೋಟಖರಾಬಿನಲ್ಲಿ ಎರಡು ವರ್ಗ: 'ಅ' ಎಂದರೆ ಸಾಗುವಳಿಗೆ ಬಾರದ್ದಾದರೂ ನಿಮ್ಮದೇ ಭೂಮಿ, 'ಬ' ಎಂದರೆ ಹಾದಿ, ಹಳ್ಳದಂಥ ಸಾರ್ವಜನಿಕ ಉಪಯೋಗದ್ದು. ಯಾವುದರಲ್ಲಿ ಇದೆಯೆಂದು ತಿಳಿಯದೆ ಯಾವ ಯೋಜನೆಗೂ ಅರ್ಜಿ ಹಾಕಬೇಡಿರಿ. 2021ರಿಂದ ಮಹಾರಾಷ್ಟ್ರದಲ್ಲಿ ಇ-ಪೀಕ ಪಾಹಣಿ ಬಂದಿದೆ. ಅದರಲ್ಲಿ ಬೆಳೆಯ ಸಂಗಡ ಬದುವಿನ ಗಿಡಗಳನ್ನೂ ಕಾಯಂ ಪಡ ಭೂಮಿಯನ್ನೂ ರೈತನೇ ಮೊಬೈಲಿನಲ್ಲಿ ಬರೆಸಬಹುದು. ಹುಣಸೆ ಎಷ್ಟು, ಬೇವು ಎಷ್ಟು ಎಂದು ಬರೆಸಿರಿ. ನಾಳೆ ಕಾಲುವೆಗೋ ರಸ್ತೆಗೋ ಭೂಮಿ ಹೋದರೆ ಪರಿಹಾರದಲ್ಲಿ ಗಿಡದ ಬೆಲೆ ಕೇಳಲಿಕ್ಕೂ ಇದು ಬೇಕು. ಕಟ್ಟಿಗೆಯವನು ಅವಸರ ಮಾಡಿದರೆ, ಹುಣಸೆ, ಮಾವು, ನೇರಳೆಯಂಥ ಗಿಡಗಳನ್ನು ಸ್ವಂತ ಹೊಲದಲ್ಲಿದ್ದರೂ ಪರವಾನಿಗೆ ಇಲ್ಲದೆ ಕಡಿಯಲು 1964ರ ಮಹಾರಾಷ್ಟ್ರದ ಕಾಯದೆಯಲ್ಲಿ ಅವಕಾಶವಿಲ್ಲವೆಂದು ಅವನಿಗೂ ತಿಳಿಸಿರಿ. ದಂಡ ಬಂದರೆ ನಿಮ್ಮ ಹೆಸರಿಗೂ ಬರಬಹುದು.

ಯಾರಾದರೂ ಕರಾರಿನ ಕಾಗದ ತಂದು ಮುಂದಿಟ್ಟರೆ, ಅದು ಸರಕಾರದ್ದಿರಲಿ ಕಂಪನಿಯದ್ದಿರಲಿ, ಇಷ್ಟು ಕೇಳಿಕೊಳ್ಳಿರಿ: ಎಷ್ಟು ವರ್ಷ? ಹಣ ಒಮ್ಮೆಯೋ ಪ್ರತಿವರ್ಷವೋ? ಬರಗಾಲಕ್ಕೆ ಗಿಡ ಒಣಗಿದರೆ ತಪ್ಪು ಯಾರದು? ಹುಲ್ಲು ಕೊಯ್ಯಲು, ದನ ಬಿಡಲು, ಹಣ್ಣು ಆರಿಸಲು ಬರುತ್ತದೆಯೋ ಇಲ್ಲವೋ? ಭೂಮಿ ಮಕ್ಕಳಿಗೆ ಹಂಚಿದಾಗ ಕರಾರು ಯಾರ ತಲೆಗೆ? ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳುವ ತನಕ ಹೆಬ್ಬೆರಳಾಗಲಿ ಸಹಿಯಾಗಲಿ ಬೇಡ. ಈಚೆಗೆ ಗಿಡದ ಇಂಗಾಲ ಮಾರಿಸಿಕೊಡುತ್ತೇವೆಂದು ಹಳ್ಳಿಗೆ ಬರುವವರೂ ಇದ್ದಾರೆ. ಅವರಿಗೂ ಇವೇ ಪ್ರಶ್ನೆ.

ಹೋಟಗಿಯ ಹಿರಿಯರಿಗೆ ನಾವು ಇದನ್ನೆಲ್ಲ ಹೇಳಿದೆವು. ಕಡಿಯಬೇಡ ಎಂದು ರೊಕ್ಕ ಕೊಡುವವರು ಇಂದು ಈ ದಂಡೆಯಲ್ಲಿ ನಮಗೆ ಕಾಣಲಿಲ್ಲವೆಂದು ಮರೆಮಾಚದೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನ ಕಡೆಗೆ ತಿರುಗಿ, ಕೆಳಗಿನ ಬಾವಿಯ ನೀರು ಶಿವರಾತ್ರಿ ದಾಟುವದು ಯಾತರಿಂದ ಎಂದು ಕೇಳಿದರು. ಮಗ ಉತ್ತರ ಕೊಡಲಿಲ್ಲ, ಆದರೆ ಜೆಸಿಬಿಯವನಿಗೆ ಮಳೆಗಾಲ ಮುಗಿಯಲಿ ನೋಡೋಣ ಎಂದು ಫೋನು ಮಾಡಿದ. ಮುರುಮಿನವನಿಗೆ ಇಲ್ಲವೆಂದಾಗಿದೆ. ಬದುವಿನ ಖಾಲಿ ಜಾಗಕ್ಕೆ ಇಪ್ಪತ್ತು ಸೀತಾಫಲ ಹಚ್ಚಲು ಅರ್ಜಿ ಬರೆದಾಗಿದೆ. ಗಿಡಗಳ ಎಣಿಕೆಯನ್ನು ಮೊಬೈಲಿನಲ್ಲಿ ತುಂಬುವಾಗ ಬನ್ನಿಯ ಹೆಸರು ಮರಾಠಿಯ ಪಟ್ಟಿಯಲ್ಲಿ ಸಿಗದೆ ತಂದೆ ಮಗ ಇಬ್ಬರೂ ಬಹಳ ಹೊತ್ತು ಹುಡುಕಿದರು. ಶಮಿ ಎಂದು ಹುಡುಕಿರೆಂದು ನಾವು ಹೇಳಿ ಬಂದಿದ್ದೇವೆ. ಖರಾಬು 'ಅ' ವರ್ಗದ್ದೋ 'ಬ' ವರ್ಗದ್ದೋ ಎಂಬದನ್ನು ನೋಡಿ ಹೇಳಲು ತಲಾಠಿಯವರು ಬರುವ ಸೋಮವಾರ ಉತಾರ ತೆಗೆದುಕೊಂಡು ಬರಹೇಳಿದ್ದಾರೆ.